ಹವಾಮಾನ ನೀತಿ ಕುರಿತ ಅಭಿಪ್ರಾಯ ಲೇಖನಗಳು: ಮನವೊಲಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಿಕೆಗಳ ಅಭಿಪ್ರಾಯ ಪುಟಕ್ಕೆ ಬರೆಯಲು ಹೊರಟವರು, ಪತ್ರಿಕೋದ್ಯಮದ ವಿದ್ಯಾರ್ಥಿಗಳು ಮತ್ತು ಇಂಥ ಲೇಖನಗಳನ್ನು ಓದಿ ಯಾರ ಮಾತನ್ನು ನಂಬಬೇಕೆಂದು ತಿಳಿಯದೆ ಉಳಿದ ಓದುಗರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭವಾದವು ಮೊದಲು ಬರುತ್ತವೆ, ತೊಡಕಿನವು ಆಮೇಲೆ. ಪ್ರತಿ ಉತ್ತರವನ್ನೂ ಬಿಡಿಯಾಗಿಯೇ ಓದಿಕೊಳ್ಳಬಹುದು.

## ಆರಂಭದ ಪ್ರಶ್ನೆಗಳು

ಹವಾಮಾನ ಬದಲಾವಣೆ ವಿಜ್ಞಾನದ ವಿಷಯ ಅಲ್ಲವೇ? ಅದರಲ್ಲಿ ಅಭಿಪ್ರಾಯಕ್ಕೆ ಜಾಗ ಎಲ್ಲಿದೆ?

ಭೂಮಿ ಬಿಸಿಯಾಗುತ್ತಿದೆಯೇ, ಅದಕ್ಕೆ ಮನುಷ್ಯ ಕಾರಣನೇ ಎಂಬ ಪ್ರಶ್ನೆಗಳಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ವಾತಾವರಣ, ಸಾಗರ ಮತ್ತು ನೆಲವನ್ನು ಮನುಷ್ಯನ ಚಟುವಟಿಕೆ ಬಿಸಿ ಮಾಡಿದೆ ಎಂಬುದು ನಿಸ್ಸಂದೇಹ ಎಂದು ವಿಶ್ವಸಂಸ್ಥೆಯ ಅಂತರಸರ್ಕಾರಿ ವಿಜ್ಞಾನ ಸಮಿತಿ ಐಪಿಸಿಸಿ 2021ರಲ್ಲಿ ಹೇಳಿತು. ಆದರೆ ಆ ವರದಿಯನ್ನು ಎಷ್ಟು ಸಲ ಓದಿದರೂ, ಯಾವ ಕಲ್ಲಿದ್ದಲು ಸ್ಥಾವರವನ್ನು ಯಾವ ವರ್ಷ ಮುಚ್ಚಬೇಕು, ಅಲ್ಲಿ ದುಡಿಯುತ್ತಿದ್ದವರಿಗೆ ಏನು ಕೊಡಬೇಕು, ಡೀಸೆಲ್ ಮೇಲೆ ತೆರಿಗೆ ಹಾಕಬೇಕೋ ಸೌರಫಲಕಕ್ಕೆ ಸಹಾಯಧನ ಕೊಡಬೇಕೋ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಇವೆಲ್ಲ ಹಂಚಿಕೆಯ ಪ್ರಶ್ನೆಗಳು. ಯಾರ ಕಿಸೆಯಿಂದ ಎಷ್ಟು, ಯಾರ ಜಮೀನು, ಯಾವ ತಲೆಮಾರಿನ ಪಾಲು ಎಂಬುದನ್ನು ನಾಗರಿಕರು ಚರ್ಚಿಸಿಯೇ ನಿರ್ಧರಿಸಬೇಕು. ಅಭಿಪ್ರಾಯ ಲೇಖನ ಆ ಚರ್ಚೆಯ ಒಂದು ಸಲಕರಣೆ.

ವಿಜ್ಞಾನದ ಪ್ರಶ್ನೆ, ಹಂಚಿಕೆಯ ಪ್ರಶ್ನೆ ಈ ಎರಡನ್ನು ಬೆರೆಸುವುದು ಎರಡೂ ಕಡೆಯವರು ಮಾಡುವ ತಪ್ಪು. ತನಗೆ ಇಷ್ಟವಿಲ್ಲದ ತೆರಿಗೆಯನ್ನು ವಿರೋಧಿಸಲು ಒಬ್ಬರು ವಿಜ್ಞಾನವನ್ನೇ ಅಲ್ಲಗಳೆಯುತ್ತಾರೆ. ಇನ್ನೊಬ್ಬರು ತಮ್ಮ ನೆಚ್ಚಿನ ಯೋಜನೆಯನ್ನು ವಿರೋಧಿಸಿದವರನ್ನೆಲ್ಲ ವಿಜ್ಞಾನದ ಶತ್ರುಗಳೆಂದು ಕರೆಯುತ್ತಾರೆ. ಭೂಮಿ ಬಿಸಿಯಾಗುತ್ತಿರುವುದನ್ನು ಪೂರ್ತಿಯಾಗಿ ಒಪ್ಪಿಯೂ ಒಂದು ನಿರ್ದಿಷ್ಟ ಯೋಜನೆಯನ್ನು ಬಲವಾಗಿ ವಿರೋಧಿಸಲು ಸಾಧ್ಯ.

ಅರಿಸ್ಟಾಟಲ್ ಹೇಳಿದ ಮೂರು ದಾರಿಗಳು ಅಂತ ತರಗತಿಯಲ್ಲಿ ಓದಿದ್ದೇವೆ. ನಿಜವಾದ ಲೇಖನದಲ್ಲಿ ಅವನ್ನು ಗುರುತಿಸುವುದು ಹೇಗೆ?

ಹೇಳುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ಮಾತಿನೊಳಗಿನ ತರ್ಕ: ಮನವೊಲಿಕೆ ಈ ಮೂರರ ಮೂಲಕ ನಡೆಯುತ್ತದೆ ಎಂದು ಅರಿಸ್ಟಾಟಲ್ ವಿಂಗಡಿಸಿದ. ಒಂದು ನಿಜವಾದ ಬರಹವನ್ನೇ ತೆಗೆದುಕೊಳ್ಳೋಣ. 2019ರ ಜನವರಿಯಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಅರ್ಥಶಾಸ್ತ್ರಜ್ಞರ ಒಂದು ಹೇಳಿಕೆ ಪ್ರಕಟವಾಯಿತು. ಕಲ್ಲಿದ್ದಲು, ಪೆಟ್ರೋಲಿನಂಥ ಇಂಧನ ಸುಟ್ಟಾಗ ಗಾಳಿಗೆ ಸೇರುವ ಇಂಗಾಲದ ಮೇಲೆ ತೆರಿಗೆ ಹಾಕಿ, ಬಂದ ಹಣವನ್ನೆಲ್ಲ ನಾಗರಿಕರಿಗೆ ಸಮಾನವಾಗಿ ಹಂಚಿಬಿಡಬೇಕು ಎಂಬುದು ಅದರ ತಿರುಳು. ಹೊರಸೂಸುವಿಕೆಯನ್ನು ಅತಿ ಕಡಿಮೆ ಖರ್ಚಿನಲ್ಲಿ ತಗ್ಗಿಸುವ ಮಾರ್ಗ ಇದು ಎಂಬುದು ಅದರ ತರ್ಕ. ಕೆಳಗೆ ಸಹಿ ಮಾಡಿದವರಲ್ಲಿ 27 ಮಂದಿ ನೊಬೆಲ್ ಪುರಸ್ಕೃತರು, ಅಮೆರಿಕದ ಕೇಂದ್ರೀಯ ಬ್ಯಾಂಕಿನ ನಾಲ್ವರು ಮಾಜಿ ಮುಖ್ಯಸ್ಥರು, ಎರಡೂ ಪಕ್ಷಗಳ ಅಧ್ಯಕ್ಷರಿಗೆ ಸಲಹೆ ನೀಡಿದ್ದವರು ಇದ್ದರು. ನಂಬಿಕೆಯನ್ನು ಇದಕ್ಕಿಂತ ಗಟ್ಟಿಯಾಗಿ ಕಟ್ಟುವುದು ಕಷ್ಟ.

ಅದರಲ್ಲಿ ಇಲ್ಲದಿದ್ದುದು ಉಳಿದ ಇನ್ನೊಂದು, ಅಂದರೆ ಭಾವನೆ. ಪೆಟ್ರೋಲ್ ಹಾಕಿಸಿಕೊಂಡು ದೂರದ ಕೆಲಸಕ್ಕೆ ಹೋಗುವ ಒಬ್ಬನೇ ಒಬ್ಬ ಮನುಷ್ಯ ಆ ಹೇಳಿಕೆಯಲ್ಲಿ ಕಾಣುವುದಿಲ್ಲ. ಅಮೆರಿಕದ ಸಂಸತ್ತು ಅಂಥ ಕಾನೂನನ್ನು ಇಂದಿಗೂ ಮಾಡಿಲ್ಲ. ಹೇಳಿಕೆಯ ಶೈಲಿಯೇ ಅದಕ್ಕೆ ಕಾರಣವೆಂದು ನಾನು ಹೇಳುವುದಿಲ್ಲ, ಅಲ್ಲಿನ ರಾಜಕೀಯ ದೊಡ್ಡದು. ಆದರೆ ಎರಡು ಕಾಲುಗಳು ಎಷ್ಟೇ ಗಟ್ಟಿಯಿದ್ದರೂ ಮೂರನೆಯದಿಲ್ಲದ ಬರಹ ತಜ್ಞರ ವಲಯವನ್ನು ದಾಟಿ ಹೋಗುವುದು ಅಪರೂಪ.

ಭಾವನೆ ಕೆರಳಿಸಿ ಬರೆಯುವುದು ಓದುಗರಿಗೆ ಮಾಡುವ ಮೋಸ ಅಲ್ಲವೇ?

ಭಾವನೆ ಮೋಸವಲ್ಲ, ಆಧಾರವಿಲ್ಲದ ಭಾವನೆ ಮೋಸ. 2019ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಸಭೆಯಲ್ಲಿ ಸ್ವೀಡನ್ನಿನ ಹದಿಹರೆಯದ ಹವಾಮಾನ ಹೋರಾಟಗಾರ್ತಿ ಗ್ರೆಟಾ ಥನ್‌ಬರ್ಗ್ ವಿಶ್ವನಾಯಕರನ್ನು ‘ನಿಮಗೆಷ್ಟು ಧೈರ್ಯ’ ಎಂದು ಗದರಿದಾಗ, ಅದು ಬರೀ ಅಬ್ಬರ ಎಂದು ಹಲವರು ತಳ್ಳಿಹಾಕಿದರು. ಆದರೆ ಅದೇ ಭಾಷಣದಲ್ಲಿ ಆಕೆ ಇಂಗಾಲದ ಉಳಿಕೆ ಲೆಕ್ಕವನ್ನು, ಅಂದರೆ ತಾಪಮಾನ ಮಿತಿ ಮೀರದಂತೆ ಇನ್ನೆಷ್ಟು ಇಂಗಾಲ ಗಾಳಿಗೆ ಸೇರಬಹುದು ಎಂಬುದನ್ನು, ಗಿಗಾಟನ್ನುಗಳಲ್ಲಿ (ಶತಕೋಟಿ ಟನ್ನುಗಳಲ್ಲಿ) ಹೇಳಿದ್ದಳು, ಆ ಲೆಕ್ಕದ ಮೂಲವನ್ನೂ ಹೇಳಿದ್ದಳು. ಕೋಪ ಆ ಲೆಕ್ಕದಿಂದ ಹುಟ್ಟಿತ್ತು.

ಓದುವಾಗಲೂ ಬರೆಯುವಾಗಲೂ ನಾನು ಮಾಡುವ ಪರೀಕ್ಷೆ ಸರಳವಾದದ್ದು. ಭಾವುಕವಾದ ಸಾಲನ್ನು ತೆಗೆದುಬಿಟ್ಟರೆ ಅದರ ಕೆಳಗೆ ನಿಜಾಂಶ ಉಳಿಯುತ್ತದೆಯೇ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಮನೆ, ಗದ್ದೆ, ತೋಟ ಕಳೆದುಕೊಂಡ ಕುಟುಂಬಗಳ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಅಲೆಯುತ್ತಿದ್ದಾರೆ ಎಂದು ಬರೆದರೆ ಓದುಗನ ಹೊಟ್ಟೆ ಉರಿಯುತ್ತದೆ. ಉರಿಯಲೇಬೇಕು, ಏಕೆಂದರೆ ಅದು ನಡೆದ ಸಂಗತಿ. ಅದೇ ‘ಪ್ರಕೃತಿ ಮಾತೆ ಕಣ್ಣೀರಿಡುತ್ತಿದ್ದಾಳೆ’ ಎಂಬ ಸಾಲನ್ನು ತೆಗೆದರೆ ಕೆಳಗೆ ಏನೂ ಉಳಿಯುವುದಿಲ್ಲ. ಸಂಗತಿ ತಾನೇ ನೋವು ತರುವಷ್ಟಿದ್ದಾಗ ಲೇಖಕ ತನ್ನ ದನಿ ಏರಿಸುವ ಅಗತ್ಯವೂ ಇರುವುದಿಲ್ಲ.

ಭಯದ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಎಲ್ಲ ಮುಗಿದುಹೋಯಿತು ಎಂದು ನಂಬಿದ ಓದುಗ ಏನನ್ನೂ ಮಾಡುವುದಿಲ್ಲ. ಅಪಾಯವನ್ನು ಹೇಳಿದ ಮೇಲೆ, ಅದನ್ನು ಕಡಿಮೆ ಮಾಡುವ ಒಂದು ಕ್ರಮವನ್ನು ಅದೇ ಲೇಖನದಲ್ಲಿ ಹೇಳುವ ಹೊಣೆ ಲೇಖಕನ ಮೇಲಿದೆ.

## ಅಂಕಿ ಮತ್ತು ಪುರಾವೆ

ಭಾರತವೇ ದೊಡ್ಡ ಮಾಲಿನ್ಯಕಾರ ಅಂತ ಒಬ್ಬರು, ಭಾರತದ ತಪ್ಪೇ ಇಲ್ಲ ಅಂತ ಇನ್ನೊಬ್ಬರು. ಇಬ್ಬರೂ ಅಂಕಿ ಕೊಡುತ್ತಾರೆ. ಯಾರು ಸುಳ್ಳು ಹೇಳುತ್ತಿದ್ದಾರೆ?

ಬಹುಮಟ್ಟಿಗೆ ಯಾರೂ ಇಲ್ಲ. ದೇಶಗಳ ಒಟ್ಟು ಹೊರಸೂಸುವಿಕೆಯನ್ನು ಸಾಲಾಗಿ ಇಟ್ಟರೆ ಚೀನಾ, ಅಮೆರಿಕಗಳ ನಂತರ ಭಾರತ ಮೂರನೆಯ ಸ್ಥಾನದಲ್ಲಿದೆ. ಅದೇ ಇಂಗಾಲದ ಡೈ ಆಕ್ಸೈಡನ್ನು ತಲೆ ಎಣಿಸಿ ಹಂಚಿದರೆ ಭಾರತೀಯನೊಬ್ಬನ ಪಾಲು ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವನ ಪಾಲು ಸುಮಾರು 14 ಟನ್, ಜಗತ್ತಿನ ಸರಾಸರಿ 5 ಟನ್ನಿಗೆ ಸ್ವಲ್ಪ ಕಡಿಮೆ. ಇನ್ನು ಕೈಗಾರಿಕಾ ಯುಗದ ಆರಂಭದಿಂದ ಇಲ್ಲಿಯವರೆಗೆ ಇಂಧನ ಸುಟ್ಟು ಗಾಳಿಗೆ ಸೇರಿಸಿದ್ದನ್ನೆಲ್ಲ ಕೂಡಿದರೆ, ಅದರಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ ಅಮೆರಿಕ ಒಂದರದ್ದೇ; ಜಗತ್ತಿನ ಆರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿರುವ ಭಾರತದ ಪಾಲು ಶೇ 3ರಿಂದ 4ರಷ್ಟು.

ಮೂರೂ ನಿಜ. ಆದರೆ ಮೂರೂ ಒಂದೇ ಪ್ರಶ್ನೆಗೆ ಉತ್ತರವಲ್ಲ. ಮುಂದಿನ ವರ್ಷ ಗಾಳಿಗೆ ಸೇರುವ ಇಂಗಾಲವನ್ನು ಎಲ್ಲಿ ತಗ್ಗಿಸಲು ಸಾಧ್ಯ ಎಂದು ಕೇಳುವಾಗ ಒಟ್ಟು ಪ್ರಮಾಣ ಬೇಕು. ಇಂದು ಯಾರು ಅತಿಯಾಗಿ ಬಳಸುತ್ತಿದ್ದಾರೆ ಎಂದು ಕೇಳುವಾಗ ತಲಾ ಲೆಕ್ಕ ಬೇಕು. ಈಗಾಗಲೇ ಆಗಿರುವ ಹಾನಿಗೆ ಹೊಣೆ ಯಾರು ಎಂದು ಕೇಳುವಾಗ ಚರಿತ್ರೆಯ ಮೊತ್ತ ಬೇಕು. ಚತುರ ಲೇಖಕ ಒಂದು ಪ್ರಶ್ನೆಯನ್ನು ಎತ್ತಿ ಇನ್ನೊಂದರ ಅಂಕಿಯಿಂದ ಉತ್ತರಿಸುತ್ತಾನೆ, ಓದುಗ ಗಮನಿಸದೆ ತಲೆಯಾಡಿಸುತ್ತಾನೆ. ಹಾಗಾಗಿ ಅಂಕಿ ಕಂಡಾಗ ಮೊದಲು ಹುಡುಕಬೇಕಾದದ್ದು ಅದನ್ನು ಯಾವುದರಿಂದ ಭಾಗಿಸಲಾಗಿದೆ ಎಂಬುದನ್ನು. ಭಾಗಿಸದೆ ಬಿಟ್ಟಿದ್ದರೆ, ಏಕೆ ಬಿಟ್ಟಿದ್ದಾರೆ ಎಂಬುದನ್ನು.

ಇದೇ ಪರೀಕ್ಷೆಯನ್ನು ದೇಶದ ಒಳಗೂ ಮಾಡಬೇಕು. ‘ಭಾರತೀಯನ ಸರಾಸರಿ’ ಎನ್ನುವಾಗ ಬೆಂಗಳೂರಿನಲ್ಲಿ ಎರಡು ಕಾರು, ಹವಾನಿಯಂತ್ರಿತ ಮನೆ ಇರುವ ಕುಟುಂಬವೂ ಯಾದಗಿರಿಯ ಕೂಲಿ ಕುಟುಂಬವೂ ಒಂದೇ ಸಂಖ್ಯೆಯೊಳಗೆ ಸೇರಿಹೋಗುತ್ತವೆ. ಮೊದಲನೆಯವರು ಎರಡನೆಯವರ ಬಡತನವನ್ನು ಗುರಾಣಿಯಾಗಿ ಹಿಡಿದು ವಾದಿಸುವುದನ್ನು ನಾನು ಹಲವು ಲೇಖನಗಳಲ್ಲಿ ಕಂಡಿದ್ದೇನೆ, ಮತ್ತು ಅದು ನನ್ನನ್ನು ಪ್ರತಿ ಸಲವೂ ನೋಯಿಸುತ್ತದೆ.

‘ಇನ್ನು 12 ವರ್ಷ ಮಾತ್ರ ಉಳಿದಿದೆ’ ಅಂತ 2018ರಲ್ಲಿ ಓದಿದ್ದೆ. ಅದು ನಿಜವಾಗಿತ್ತೇ?

ಮೂಲದಲ್ಲಿ ಇದ್ದದ್ದು ಬೇರೆ. 2018ರ ಅಕ್ಟೋಬರಿನಲ್ಲಿ ಬಂದ ಐಪಿಸಿಸಿಯ ವಿಶೇಷ ವರದಿ, ತಾಪಮಾನದ ಏರಿಕೆಯನ್ನು 1.5 ಡಿಗ್ರಿ ಸೆಲ್ಸಿಯಸ್ಸಿಗೆ ಮಿತಿಗೊಳಿಸಬೇಕಾದರೆ ಜಗತ್ತಿನ ಇಂಗಾಲದ ಡೈ ಆಕ್ಸೈಡ್ ಹೊರಸೂಸುವಿಕೆ 2010ರ ಮಟ್ಟಕ್ಕಿಂತ 2030ರ ಹೊತ್ತಿಗೆ ಸುಮಾರು ಶೇ 45ರಷ್ಟು ಇಳಿದು, 2050ರ ಆಸುಪಾಸಿನಲ್ಲಿ ನಿವ್ವಳ ಶೂನ್ಯಕ್ಕೆ (ಹೊರಬಿಟ್ಟಷ್ಟನ್ನೇ ಗಾಳಿಯಿಂದ ಮರಳಿ ಹೀರಿಕೊಳ್ಳುವ ಸ್ಥಿತಿಗೆ) ಬರಬೇಕು ಎಂದಿತ್ತು. 2030ರಿಂದ 2018ನ್ನು ಕಳೆದವರು 12 ಎಂದರು. ಮುಖ್ಯಾಂಶ ಬರೆಯುವವರು ಅದನ್ನು ಲೋಕದ ಗಡುವು ಮಾಡಿದರು.

ಗಡುವು ಓದುಗನನ್ನು ಎಬ್ಬಿಸುತ್ತದೆ, ಅದು ಸತ್ಯ. ಆದರೆ ಗಡುವು ಮುಗಿದ ಮರುದಿನವೂ ಸೂರ್ಯ ಹುಟ್ಟುತ್ತಾನೆ, ಆಗ ಎದುರಾಳಿ ‘ನೋಡಿ, ಏನೂ ಆಗಲಿಲ್ಲ’ ಎನ್ನುತ್ತಾನೆ. ಇಲ್ಲಿ ಬಂಡೆಯ ಅಂಚಿನಂಥ ಗೆರೆ ಇಲ್ಲ: 1.5ಕ್ಕಿಂತ 1.6 ಕೆಟ್ಟದ್ದು, ಅದಕ್ಕಿಂತ 1.7 ಇನ್ನೂ ಕೆಟ್ಟದ್ದು, ಮತ್ತು ಯಾವ ಹಂತದಲ್ಲಿ ತಡೆದರೂ ತಡೆದಷ್ಟು ಲಾಭವಿದೆ. ಇದನ್ನು ನೇರವಾಗಿ ಬರೆದರೆ ತುರ್ತು ಕಡಿಮೆಯಾಗುವುದಿಲ್ಲ, ಬರಹದ ಆಯುಷ್ಯ ಹೆಚ್ಚುತ್ತದೆ.

ವಿಜ್ಞಾನಿಗಳೇ ‘ಸಾಧ್ಯತೆ ಇದೆ’ ಅಂತ ಹೇಳುವಾಗ ನಾನು ಖಚಿತವಾಗಿ ಬರೆದರೆ ತಪ್ಪಲ್ಲವೇ? ಹಾಗಂತ ಅನುಮಾನ ಸೇರಿಸಿದರೆ ಲೇಖನ ಸಪ್ಪೆಯಾಗುತ್ತದೆ.

ಐಪಿಸಿಸಿ ವರದಿಗಳಲ್ಲಿ ಇಂಥ ಪದಗಳು ಬಾಯಿಮಾತಲ್ಲ. ಅವಕ್ಕೆ ಅಳತೆ ಇದೆ. ‘ಸಂಭವನೀಯ’ ಎಂದರೆ ಶೇ 66ಕ್ಕೂ ಹೆಚ್ಚು, ‘ಬಹಳ ಸಂಭವನೀಯ’ ಎಂದರೆ ಶೇ 90ಕ್ಕೂ ಹೆಚ್ಚು. ಶೇ 90ರ ಅಪಾಯವನ್ನು ‘ಇರಬಹುದು’ ಎಂದು ಬರೆಯುವುದೂ ಓದುಗನನ್ನು ದಾರಿ ತಪ್ಪಿಸಿದಂತೆಯೇ.

ಅತಿಯಾಗಿ ಹೇಳುವುದರ ಬೆಲೆ ಏನೆಂದು ತಿಳಿಯಲು ಹಿಮಾಲಯದ ಪ್ರಕರಣ ಸಾಕು. ಹಿಮನದಿಗಳು 2035ರ ಹೊತ್ತಿಗೆ ಮಾಯವಾಗಬಹುದು ಎಂಬ ಆಧಾರವಿಲ್ಲದ ಸಾಲೊಂದು ಐಪಿಸಿಸಿಯ 2007ರ ವರದಿಯೊಳಗೆ ನುಸುಳಿತ್ತು. 2010ರ ಜನವರಿಯಲ್ಲಿ ಸಂಸ್ಥೆ ತಪ್ಪನ್ನು ಒಪ್ಪಿಕೊಂಡಿತು. ಸಾವಿರಾರು ಪುಟಗಳ ಗಟ್ಟಿ ಕೆಲಸದ ನಡುವಿನ ಆ ಒಂದು ಸಾಲನ್ನು ಹಿಡಿದು ವರ್ಷಗಟ್ಟಲೆ ಇಡೀ ವಿಜ್ಞಾನವನ್ನೇ ಹೀಗಳೆಯಲಾಯಿತು.

ಅನಿಶ್ಚಿತತೆಯನ್ನು ಸಪ್ಪೆಯಾಗದಂತೆ ಬರೆಯುವುದು ಸಾಧ್ಯ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು. ಅಂದಿನ ಮಳೆ, ಹವಾಮಾನ ಬದಲಾವಣೆಯ ಕಾರಣದಿಂದ ಸುಮಾರು ಶೇ 10ರಷ್ಟು ಹೆಚ್ಚು ಬಿರುಸಾಗಿತ್ತು ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಶನ್ ತಂಡದ ವಿಜ್ಞಾನಿಗಳು ಅಂದಾಜಿಸಿದರು; ಆ ಅಂದಾಜಿನ ಮಿತಿಗಳನ್ನೂ ಅವರೇ ಹೇಳಿದರು. ‘ಹವಾಮಾನ ಬದಲಾವಣೆಯೇ ಕೊಂದಿತು’ ಎಂದು ಬರೆದರೆ ಗುಡ್ಡ ಕಡಿದವರು ಪಾರಾಗುತ್ತಾರೆ. ‘ಗಣಿ, ರೆಸಾರ್ಟುಗಳೇ ಕಾರಣ’ ಎಂದಷ್ಟೇ ಬರೆದರೆ ಮಳೆ ಬದಲಾಗುತ್ತಿರುವುದು ಮರೆಗೆ ಸರಿಯುತ್ತದೆ. ಮಳೆ ಬಿರುಸಾಗುತ್ತಿರುವ ಕಾಲದಲ್ಲಿ ಇಳಿಜಾರನ್ನು ಸಡಿಲ ಮಾಡುವುದು ಮೊದಲಿಗಿಂತ ದೊಡ್ಡ ಅಪರಾಧ ಎಂಬ ವಾದ ಎರಡನ್ನೂ ಹಿಡಿದಿಡುತ್ತದೆ, ಮತ್ತು ಎರಡಕ್ಕಿಂತಲೂ ಬಲವಾಗಿದೆ. 2018ರ ಆಗಸ್ಟಿನ ಕೊಡಗಿನ ದುರಂತದ ಬಗ್ಗೆ ಬರೆಯುವವರಿಗೂ ಈ ದಾರಿ ತೆರೆದಿದೆ.

## ನೀತಿಯ ವಾದ ಕಟ್ಟುವಾಗ

ಇಂಗಾಲದ ತೆರಿಗೆ ಇಷ್ಟು ಒಳ್ಳೆಯದಾದರೆ ಜನ ಯಾಕೆ ತಿರುಗಿಬಿದ್ದರು?

ಪರವಾಗಿ ಬರೆದವರು ಬೆಲೆಯನ್ನು ಯಾರು ತೆರುತ್ತಾರೆ ಎಂಬ ಮಾತನ್ನು ಎದುರಾಳಿಗೆ ಬಿಟ್ಟುಕೊಟ್ಟದ್ದು ಒಂದು ಮುಖ್ಯ ಕಾರಣ ಎಂದು ನಾನು ಭಾವಿಸುತ್ತೇನೆ. ಆಸ್ಟ್ರೇಲಿಯಾದಲ್ಲಿ 2012ರ ಜುಲೈಯಿಂದ ಟನ್ನಿಗೆ 23 ಡಾಲರಿನಂತೆ ಇಂಗಾಲಕ್ಕೆ ಬೆಲೆ ಕಟ್ಟಲಾಯಿತು. ಕಡಿಮೆ ವರಮಾನದವರಿಗೆ ಪರಿಹಾರವೂ ಇತ್ತು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಟೋನಿ ಅಬಾಟ್ ಆ ತೆರಿಗೆಯನ್ನು ಕಿತ್ತೊಗೆಯುವುದಾಗಿ ಹೇಳಿ 2013ರ ಚುನಾವಣೆ ಗೆದ್ದರು, ಮರುವರ್ಷ ಜುಲೈಯಲ್ಲಿ ಅದು ರದ್ದಾಯಿತು. ಮನೆಯ ವಿದ್ಯುತ್ ಬಿಲ್ಲು ಎಲ್ಲರ ಕೈಯಲ್ಲಿತ್ತು. ಪರಿಹಾರ ಬೇರೆ ಬೇರೆ ಹೆಸರಿನಲ್ಲಿ ಬಂದು ಕಣ್ಣಿಗೆ ಬೀಳದೆ ಹೋಯಿತು.

ಫ್ರಾನ್ಸಿನಲ್ಲಿ ಇಂಧನ ತೆರಿಗೆಯ ಏರಿಕೆಯ ವಿರುದ್ಧ 2018ರ ನವೆಂಬರ್ 17ರಂದು ಹಳದಿ ಅಂಗಿ ತೊಟ್ಟವರು ರಸ್ತೆಗಿಳಿದರು. ಸರ್ಕಾರ ಲೋಕದ ಕೊನೆಯ ಬಗ್ಗೆ ಮಾತಾಡುತ್ತಿದೆ, ನಮಗೆ ತಿಂಗಳ ಕೊನೆಯ ಚಿಂತೆ ಎಂಬುದು ಅವರ ಮಾತು. ಎಷ್ಟೋ ಸಂಪಾದಕೀಯಗಳು ಮಾಡಲಾಗದ ಕೆಲಸವನ್ನು ಆ ಒಂದು ಮಾತು ಮಾಡಿತು. ಅದರಲ್ಲಿ ಲೆಕ್ಕವೂ ಇದೆ, ನೋವೂ ಇದೆ, ಹೇಳಿದವರ ಬದುಕಿನ ಸಾಕ್ಷ್ಯವೂ ಇದೆ. ಡಿಸೆಂಬರಿನಲ್ಲಿ ಸರ್ಕಾರ ಹಿಂದೆ ಸರಿಯಿತು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2008ರಲ್ಲಿ ಟನ್ನಿಗೆ 10 ಡಾಲರಿನಿಂದ ಆರಂಭಿಸಿ, ಬಂದ ಹಣಕ್ಕೆ ಸಮನಾಗಿ ಬೇರೆ ತೆರಿಗೆಗಳನ್ನು ಇಳಿಸಿತು. ಹಲವು ವರ್ಷ ಅದು ಮಾದರಿ ಎನಿಸಿಕೊಂಡಿತ್ತು. ಕೊನೆಗೆ 2025ರ ಏಪ್ರಿಲ್ 1ರಂದು ಅಲ್ಲಿಯೂ, ಕೆನಡಾದ ಕೇಂದ್ರ ಮಟ್ಟದಲ್ಲಿಯೂ ಜನಸಾಮಾನ್ಯರು ಕೊಡುವ ಇಂಗಾಲದ ಬೆಲೆಯನ್ನು ಕೈಬಿಡಲಾಯಿತು. ಕೇಂದ್ರದ ಯೋಜನೆಯಲ್ಲಿ ಮರುಪಾವತಿ ಮೂರು ತಿಂಗಳಿಗೊಮ್ಮೆ ಬ್ಯಾಂಕಿಗೆ ಬರುತ್ತಿತ್ತು, ಬೆಲೆ ಮಾತ್ರ ಪೆಟ್ರೋಲ್ ಬಂಕಿನ ಫಲಕದಲ್ಲಿ ದಿನವೂ ಕಾಣುತ್ತಿತ್ತು.

ನೀತಿಯ ಪರ ಬರೆಯುವವರು ಎರಡನೆಯ ಪ್ಯಾರಾದ ಒಳಗೇ ಒಂದು ಸಾಮಾನ್ಯ ಮನೆಗೆ ತಿಂಗಳಿಗೆ ಎಷ್ಟು ಹೊರೆ, ಎಷ್ಟು ವಾಪಸು ಎಂದು ರೂಪಾಯಿಯಲ್ಲಿ ಬರೆದುಬಿಡಬೇಕು. ಮುಚ್ಚಿಟ್ಟ ವೆಚ್ಚವನ್ನು ಇನ್ನೊಬ್ಬರು ಹೊರಗೆಳೆದ ಮೇಲೆ ಲೇಖಕನ ಉಳಿದ ಮಾತುಗಳಿಗೂ ಬೆಲೆ ಇರುವುದಿಲ್ಲ.

ಸಿರಿವಂತ ದೇಶಗಳು ಮಾಡಿದ ತಪ್ಪಿಗೆ ನಾವೇಕೆ ತೆರಬೇಕು? ಇದು ನ್ಯಾಯವಾದ ವಾದವೋ ಅಥವಾ ನೆಪವೋ?

ಎರಡೂ ಆಗಬಹುದು. ಈ ವಾದದ ಒಳ್ಳೆಯ ಮಾದರಿ ನಮ್ಮ ದೇಶದಲ್ಲೇ ಇದೆ. 1991ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್, ಭಾರತ ಮತ್ತು ಚೀನಾಗಳನ್ನು ದೊಡ್ಡ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿದ್ದ ಅಮೆರಿಕದ ಸಂಸ್ಥೆಯೊಂದರ ಲೆಕ್ಕಕ್ಕೆ ಉತ್ತರ ಬರೆದರು. ಬಡ ರೈತನ ಗದ್ದೆಯಿಂದ, ಅವನ ದನಗಳಿಂದ ಏಳುವ ಮೀಥೇನನ್ನೂ ಸಿರಿವಂತ ದೇಶದ ಕಾರುಗಳ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು ಅವರು ಕೇಳಿದರು. ಬದುಕಿಗಾಗಿ ಹೊರಬೀಳುವುದು ಬೇರೆ, ಭೋಗಕ್ಕಾಗಿ ಹೊರಬೀಳುವುದು ಬೇರೆ ಎಂಬ ಆ ಭೇದ ಮುಂದಿನ ಅಂತರರಾಷ್ಟ್ರೀಯ ಚರ್ಚೆಗಳಲ್ಲಿ ಉಳಿಯಿತು. ಹೊಣೆ ಎಲ್ಲರದ್ದೂ ಹೌದು, ಆದರೆ ಎಲ್ಲರದ್ದೂ ಒಂದೇ ಪ್ರಮಾಣದ್ದಲ್ಲ ಎಂಬ ತತ್ವ 1992ರ ರಿಯೋ ಸಮ್ಮೇಳನದ ಒಪ್ಪಂದದಲ್ಲಿ ಸೇರಿತು.

ಆ ಬರಹದ ಬಲ ಬರೀ ಸಿಟ್ಟಿನಲ್ಲಿರಲಿಲ್ಲ. ಎದುರಿನವರ ಅಂಕಿಗಳನ್ನೇ ತೆಗೆದುಕೊಂಡು, ಅವುಗಳ ಹಿಂದಿನ ಹಂಚಿಕೆಯ ನಿಯಮ ಅನ್ಯಾಯದ್ದೆಂದು ತೋರಿಸಿ, ಬೇರೆ ನಿಯಮ ಹಾಕಿದರೆ ಉತ್ತರ ಹೇಗೆ ತಿರುಗುತ್ತದೆ ಎಂದು ಅವರು ಮಾಡಿ ತೋರಿಸಿದರು.

ನೆಪವಾಗುವುದು ಯಾವಾಗ ಎಂದರೆ, ಹೊರಗಿನವರ ಮುಂದೆ ಹೇಳುವ ನ್ಯಾಯವನ್ನು ಒಳಗೆ ಪಾಲಿಸದಿದ್ದಾಗ. ಆಮದಾಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟಿನಂಥ ಸರಕುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ 2026ರ ಜನವರಿಯಿಂದ ಗಡಿಯಲ್ಲೇ ಬೆಲೆ ಕಟ್ಟುವ ಯುರೋಪ್ ಒಕ್ಕೂಟದ ಕ್ರಮವನ್ನು ಭಾರತ ವಿರೋಧಿಸುವುದಕ್ಕೆ ಸಕಾರಣಗಳಿವೆ. ಆದರೆ ಆ ವಿರೋಧವನ್ನು ಬೆಂಬಲಿಸಿ ಬರೆಯುವ ಲೇಖಕ, ಬಳ್ಳಾರಿ ಸೀಮೆಯಲ್ಲಿ ಉಕ್ಕಿನ ಕಾರ್ಖಾನೆಗಳ ದೂಳು ಕುಡಿಯುವ ಊರುಗಳ ಬಗ್ಗೆ ಒಂದು ಸಾಲನ್ನೂ ಬರೆಯದಿದ್ದರೆ, ಅವನ ನ್ಯಾಯ ಅರ್ಧ ದಾರಿಯಲ್ಲಿ ನಿಂತಿದೆ.

ಶರಾವತಿ ಪಂಪ್ಡ್ ಸ್ಟೋರೇಜ್ ವಿಷಯದಲ್ಲಿ ಎರಡೂ ಕಡೆಯವರು ಪರಿಸರದ ಹೆಸರಿನಲ್ಲೇ ಬರೆಯುತ್ತಾರೆ. ಓದುಗ ಏನು ಮಾಡಬೇಕು?

ಕನ್ನಡದಲ್ಲಿ ಹವಾಮಾನ ನೀತಿಯ ವಾದಗಳನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ಇಲ್ಲ. ತಳಕಳಲೆ ಮೇಲಿನ ಜಲಾಶಯ, ಗೇರುಸೊಪ್ಪ ಕೆಳಗಿನದು. ವಿದ್ಯುತ್ ಹೆಚ್ಚಾಗಿರುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಬೇಡಿಕೆ ಏರುವ ಸಂಜೆ ಕೆಳಕ್ಕೆ ಹರಿಸಿ 2,000 ಮೆಗಾವಾಟ್ ಉತ್ಪಾದಿಸುವುದು ಕರ್ನಾಟಕ ವಿದ್ಯುತ್ ನಿಗಮದ ಯೋಜನೆ. ಸುರಂಗಗಳು, ನೆಲದಡಿಯ ವಿದ್ಯುದಾಗಾರ ಬರಬೇಕಾಗಿರುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ.

ಪರವಾದ ಲೇಖನಗಳ ಮುಖ್ಯ ತರ್ಕ ಹೀಗಿದೆ: ಸೌರವಿದ್ಯುತ್ ಮಧ್ಯಾಹ್ನ ಹೇರಳ, ಸಂಜೆ ಇಲ್ಲ, ಅದನ್ನು ಕೂಡಿಡದೆ ಕಲ್ಲಿದ್ದಲನ್ನು ಬಿಡಲಾಗದು, ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಇಲ್ಲ. ಇದರಲ್ಲಿ ಮೊದಲ ಎರಡು ಮಾತು ಗಟ್ಟಿ. ಮೂರನೆಯದು ನಿಜ, ಆದರೆ ಓದುಗನ ಕಣ್ಣನ್ನು ನೀರಿನ ಮೇಲೆ ಹಿಡಿದು ಕಾಡಿನಿಂದ ಆಚೆ ತಿರುಗಿಸುತ್ತದೆ: ಮುಳುಗಡೆ ಇಲ್ಲವೆಂದರೆ ಮರ ಕಡಿತ, ರಸ್ತೆ, ಸ್ಫೋಟ, ಮಣ್ಣಿನ ರಾಶಿ ಇಲ್ಲ ಎಂದಲ್ಲ. ಪಂಪ್ ಮಾಡಲು ಬಳಸುವ ವಿದ್ಯುತ್ತು ಸೌರದ್ದೇ ಆಗಿರುತ್ತದೆ ಎಂಬ ಭರವಸೆಯನ್ನೂ ಹಲವು ಲೇಖನಗಳು ಹೇಳದೆಯೇ ಊಹಿಸಿಕೊಳ್ಳುತ್ತವೆ. ರಾತ್ರಿ ಕಲ್ಲಿದ್ದಲಿನ ವಿದ್ಯುತ್ತಿನಿಂದ ಪಂಪ್ ಮಾಡಿದರೆ ಹಸಿರು ಎಂಬ ಹೆಸರು ನಿಲ್ಲುವುದಿಲ್ಲ.

ವಿರೋಧದ ಲೇಖನಗಳಲ್ಲಿ ಹೆಚ್ಚಾಗಿ ಮುಂದೆ ಬರುವ ಮಾತು, ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗುವ ಯೋಜನೆ ಇದು ಎಂಬುದು. ಅದೂ ನಿಜ, ಇಂಥ ಸ್ಥಾವರಗಳಲ್ಲಿ 100 ಯೂನಿಟ್ ಹಾಕಿದರೆ ಮರಳಿ ಬರುವುದು ಸಾಮಾನ್ಯವಾಗಿ 75ರಿಂದ 80. ಆದರೆ ವಿದ್ಯುತ್ತನ್ನು ಕೂಡಿಡುವ ಎಲ್ಲ ವಿಧಾನದಲ್ಲೂ ನಷ್ಟವಿದೆ, ಬ್ಯಾಟರಿಯಲ್ಲೂ ಇದೆ, ಅಲ್ಲಿ ಸ್ವಲ್ಪ ಕಡಿಮೆ. ನಷ್ಟವನ್ನೇ ಮೂರ್ಖತನ ಎಂದು ಕರೆದರೆ ತಿಳಿದ ಓದುಗ ಲೇಖಕನನ್ನು ಅಲ್ಲೇ ಬಿಟ್ಟುಬಿಡುತ್ತಾನೆ. ವಿಷಾದದ ಸಂಗತಿ ಏನೆಂದರೆ ವಿರೋಧಕ್ಕೆ ಇದಕ್ಕಿಂತ ಬಲವಾದ ವಾದಗಳಿವೆ. ಮಳೆಕಾಡೇ ಇಂಗಾಲದ ಕಣಜ. ಸಿಂಗಳೀಕ ಮರದಿಂದ ಮರಕ್ಕೆ ಸಾಗುವ ಪ್ರಾಣಿ, ಕಾಡಿನ ಮೇಲ್ಚಾವಣಿ ತುಂಡಾದರೆ ಅದರ ಗುಂಪುಗಳು ಬೇರೆಬೇರೆಯಾಗುತ್ತವೆ. ಅಷ್ಟೇ ವಿದ್ಯುತ್ತನ್ನು ಕಾಡಿಲ್ಲದ ಕಡೆ ಕೂಡಿಡಬಹುದಾದ ಜಾಗಗಳ ಹೋಲಿಕೆ ಜನರ ಮುಂದೆ ಬಂದಿದೆಯೇ ಎಂಬುದು ಎಲ್ಲಕ್ಕಿಂತ ತೀಕ್ಷ್ಣವಾದ ಪ್ರಶ್ನೆ. ಶರಾವತಿ ಕಣಿವೆ ನಾಡಿನ ಬೆಳಕಿಗಾಗಿ ಒಮ್ಮೆ ಅಲ್ಲ, ಹಲವು ಸಲ ತೆತ್ತಿದೆ. ಮತ್ತೆ ಅದನ್ನೇ ಕೇಳುವುದಾದರೆ, ಬೇರೆ ಎಲ್ಲಿಯೂ ಸಾಧ್ಯವಿಲ್ಲ ಎಂದು ಸಾಬೀತು ಮಾಡುವ ಹೊಣೆ ಕೇಳುವವರದ್ದು. ನನ್ನ ನಿಲುವು ಈ ಕೊನೆಯ ವಾದದ ಕಡೆಗಿದೆ.

ಓದುಗ ಮಾಡಬೇಕಾದದ್ದು ಇಷ್ಟು: ಪ್ರತಿ ಲೇಖನದಲ್ಲೂ ಯಾವುದಕ್ಕೆ ಹೋಲಿಸಿ ಮಾತಾಡುತ್ತಿದ್ದಾರೆ ಎಂದು ನೋಡುವುದು. ಪರವಾದವರು ಕಲ್ಲಿದ್ದಲಿಗೆ ಹೋಲಿಸುತ್ತಾರೆ, ವಿರೋಧಿಗಳು ಮುಟ್ಟದ ಕಾಡಿಗೆ ಹೋಲಿಸುತ್ತಾರೆ. ಇದೇ ಕೆಲಸವನ್ನು ಮಾಡುವ ಇತರ ದಾರಿಗಳಿಗೆ ಹೋಲಿಸಿ ಬರೆದವರನ್ನು ಹೆಚ್ಚು ನಂಬಬಹುದು.

## ತೊಡಕಿನ ಪ್ರಶ್ನೆಗಳು

‘ಮುಂದಿನ ಪೀಳಿಗೆಗಾಗಿ’ ಅನ್ನುವುದು ಭಾವುಕ ಮಾತು ಅಲ್ಲವೇ? ಅದಕ್ಕೆ ಲೆಕ್ಕ ಇದೆಯೇ?

ಇದೆ, ಮತ್ತು ಆ ಲೆಕ್ಕದ ಒಳಗೇ ಮೌಲ್ಯವೊಂದು ಅಡಗಿ ಕುಳಿತಿದೆ. ನೂರು ವರ್ಷದ ನಂತರ ಆಗುವ ಒಂದು ಕೋಟಿ ರೂಪಾಯಿ ಹಾನಿಯನ್ನು ತಡೆಯಲು ಇಂದು ಎಷ್ಟು ಖರ್ಚು ಮಾಡುವುದು ಸರಿ? ಅರ್ಥಶಾಸ್ತ್ರಜ್ಞರು ವರ್ಷಕ್ಕೆ ಇಂತಿಷ್ಟು ಎಂದು ಕಡಿತದ ದರ ಹಾಕಿ ಭವಿಷ್ಯದ ಹಾನಿಯನ್ನು ಇಂದಿನ ಬೆಲೆಗೆ ಇಳಿಸುತ್ತಾರೆ. ಶೇ 1.4ರ ದರ ಹಾಕಿದರೆ ಆ ಒಂದು ಕೋಟಿ ಇಂದಿನ ಸುಮಾರು 25 ಲಕ್ಷಕ್ಕೆ ಸಮ. ಶೇ 4.5 ಹಾಕಿದರೆ ಕೇವಲ ಒಂದು ಲಕ್ಷದ ಇಪ್ಪತ್ತು ಸಾವಿರದಷ್ಟು.

ಬ್ರಿಟನ್ನಿನ ಸರ್ಕಾರಕ್ಕಾಗಿ ನಿಕೋಲಸ್ ಸ್ಟರ್ನ್ 2006ರಲ್ಲಿ ಸಲ್ಲಿಸಿದ ವರದಿ ಶೇ 1.4ರ ಆಸುಪಾಸಿನ ದರ ಬಳಸಿ, ಈಗಲೇ ದೊಡ್ಡ ಕ್ರಮ ಬೇಕು ಎಂದಿತು. 2018ರಲ್ಲಿ ನೊಬೆಲ್ ಪಡೆದ ವಿಲಿಯಂ ನಾರ್ಡ್‌ಹೌಸ್ ಅದಕ್ಕಿಂತ ಸಾಕಷ್ಟು ಹೆಚ್ಚಿನ ದರ ಬಳಸಿ, ಕ್ರಮ ನಿಧಾನವಾಗಿ ಏರಲಿ ಎಂದರು. ಇನ್ನೂ ಹುಟ್ಟದ ಮಗುವಿನ ಬದುಕಿಗೆ ನನ್ನ ಬದುಕಿನಷ್ಟೇ ಬೆಲೆಯೇ ಎಂಬ ನೈತಿಕ ಪ್ರಶ್ನೆ ಅವರ ಭಿನ್ನಾಭಿಪ್ರಾಯದ ನಡುವೆ ಇದೆ. ‘ಲೆಕ್ಕ ಹೀಗೆ ಹೇಳುತ್ತದೆ’ ಎಂದು ಬರೆಯುವ ಲೇಖಕ ಯಾವ ದರ ಆಯ್ದುಕೊಂಡ ಎಂದು ಹೇಳದಿದ್ದರೆ, ತನ್ನ ನೀತಿನಿರ್ಣಯವನ್ನು ಗಣಿತದ ಬಟ್ಟೆ ತೊಡಿಸಿ ಕಳಿಸಿದ್ದಾನೆ.

ಎದುರು ಪಕ್ಷದ ವಾದವನ್ನು ನನ್ನ ಲೇಖನದಲ್ಲಿ ನಾನೇ ಬರೆದರೆ ನನ್ನ ವಾದ ದುರ್ಬಲವಾಗುವುದಿಲ್ಲವೇ?

ನಮ್ಮ ಶಾಸ್ತ್ರಗ್ರಂಥಗಳ ಕ್ರಮ ಇದಕ್ಕೆ ಉತ್ತರ ಕೊಟ್ಟಾಗಿದೆ. ಅಲ್ಲಿ ಪೂರ್ವಪಕ್ಷ ಮೊದಲು, ಸಿದ್ಧಾಂತ ಆಮೇಲೆ. ಎದುರಿನವನು ಸ್ವತಃ ಹೇಳುವಷ್ಟೇ ಬಲವಾಗಿ ಅವನ ಮಾತನ್ನು ಮಂಡಿಸದೆ ಖಂಡಿಸುವುದಕ್ಕೆ ಬೆಲೆಯಿರಲಿಲ್ಲ.

ಪಶ್ಚಿಮ ರಾಜಸ್ಥಾನ ಮತ್ತು ಗುಜರಾತಿನ ಹುಲ್ಲುಗಾವಲುಗಳಲ್ಲಿ ಸೌರ ಮತ್ತು ಪವನ ವಿದ್ಯುತ್ತಿನ ತಂತಿಗಳಿಗೆ ಬಡಿದು ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳು ಸಾಯುತ್ತಿದ್ದವು. ಒಂದು ಕಾಲಕ್ಕೆ ಬಳ್ಳಾರಿಯ ಎರೆಹೊಲಗಳಲ್ಲಿ ಕಾಣುತ್ತಿದ್ದ ಎರೆಭೂತ ಇದೇ. 2021ರಲ್ಲಿ ಸುಪ್ರೀಂ ಕೋರ್ಟು ತಂತಿಗಳನ್ನು ನೆಲದಡಿ ಹಾಕಬೇಕೆಂದು ಆದೇಶಿಸಿತು. ಅಷ್ಟು ವಿಸ್ತಾರದಲ್ಲಿ ಅದು ಅಸಾಧ್ಯ, ಶುದ್ಧ ವಿದ್ಯುತ್ತಿನ ಗುರಿಗೇ ಅಡ್ಡಿ ಎಂದು ಸರ್ಕಾರ ಹೇಳಿತು. 2024ರ ಮಾರ್ಚಿನಲ್ಲಿ ಕೋರ್ಟು ಆ ಆದೇಶವನ್ನು ಬದಲಿಸಿ, ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ನಾಗರಿಕರಿಗಿದೆ ಎಂದು ಗುರುತಿಸಿತು. ಎಲ್ಲಿ ನೆಲದಡಿ ಸಾಧ್ಯ ಎಂದು ನೋಡಲು ತಜ್ಞರ ಸಮಿತಿ ನೇಮಿಸಿತು. ಇಲ್ಲಿ ಯಾವ ಪಕ್ಷವೂ ದುಷ್ಟರದ್ದಲ್ಲ. ಹಕ್ಕಿಯ ಪರವಾಗಿ ಬರೆಯುವವನು ಕಲ್ಲಿದ್ದಲಿನ ಹೊಗೆ ತಿನ್ನುವವರನ್ನು ನೆನೆಯದೆ, ಸೌರಶಕ್ತಿಯ ಪರವಾಗಿ ಬರೆಯುವವನು ಅಳಿದೇ ಹೋಗಬಹುದಾದ ಜೀವವನ್ನು ನೆನೆಯದೆ ಬರೆದರೆ, ಮೊದಲೇ ಒಪ್ಪಿದವರಷ್ಟೇ ಒಪ್ಪುತ್ತಾರೆ.

‘ನೀವೇ ಕಾರಿನಲ್ಲಿ ಓಡಾಡುತ್ತೀರಿ, ನಮಗೇಕೆ ಬೋಧನೆ’ ಅಂತ ಓದುಗರು ಬರೆದರೆ ಏನು ಉತ್ತರಿಸಲಿ?

ಲೇಖಕನ ನಡತೆಯಿಂದ ಅವನ ವಾದ ಸುಳ್ಳಾಗುವುದಿಲ್ಲ, ಆದರೆ ಅವನ ಮೇಲಿನ ನಂಬಿಕೆ ಕುಗ್ಗುತ್ತದೆ. ಇವೆರಡನ್ನೂ ಒಪ್ಪಿಕೊಂಡೇ ಉತ್ತರಿಸಬೇಕು. ಬಸ್ಸಿಲ್ಲದ ಊರಿನವನು ಬೈಕಿನಲ್ಲಿ ಹೋಗುವುದು ಅವನ ಚಾರಿತ್ರ್ಯದ ದೋಷವಲ್ಲ, ಸಾರಿಗೆ ನೀತಿಯ ದೋಷ. ವೈಯಕ್ತಿಕ ಇಂಗಾಲದ ಹೆಜ್ಜೆಗುರುತನ್ನು, ಅಂದರೆ ನಿಮ್ಮೊಬ್ಬರ ಬದುಕಿನಿಂದ ಗಾಳಿಗೆ ಸೇರುವ ಇಂಗಾಲವನ್ನು, ಲೆಕ್ಕ ಹಾಕಿಕೊಳ್ಳಿ ಎಂಬ ಪ್ರಚಾರವನ್ನು 2000ರ ದಶಕದಲ್ಲಿ ಜೋರಾಗಿ ನಡೆಸಿದವರಲ್ಲಿ ತೈಲ ಕಂಪನಿ ಬಿಪಿ ಕೂಡ ಇತ್ತು ಎಂಬುದನ್ನು ಮರೆಯಬಾರದು. ಗಮನ ಮನೆಯ ಕಡೆಗೆ ತಿರುಗಿದಷ್ಟೂ ಕಾರ್ಖಾನೆ, ಕಾನೂನುಗಳ ಕಡೆಯಿಂದ ಸರಿಯುತ್ತದೆ.

ಹಳ್ಳಿಯ ಓದುಗರಿಗೆ ಬರೆಯುವಾಗ ಯಾವ ಉದಾಹರಣೆ ತರಲಿ? ಹಿಮಕರಡಿ ಯಾರಿಗೂ ತಟ್ಟುವುದಿಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಅದನ್ನು ಬದುಕಿದವರಿಗೆ ಬೇರೆ ಉದಾಹರಣೆ ಬೇಕಿಲ್ಲ. ಆದರೆ ಅದು ಎಲ್ ನಿನೋ ವರ್ಷವೂ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಸೊರಗುವ ಸಾಧ್ಯತೆ ಹೆಚ್ಚುವ ವರ್ಷವೂ ಆಗಿತ್ತು ಎಂಬುದನ್ನು ಬಿಡದೆ ಬರೆಯಬೇಕು. ರೈತರು ಆಕಾಶವನ್ನು ನಮಗಿಂತ ಹೆಚ್ಚು ಗಮನಿಸುತ್ತಾರೆ, ಉತ್ಪ್ರೇಕ್ಷೆಯನ್ನು ಬೇಗ ಹಿಡಿಯುತ್ತಾರೆ.

ನೀತಿಯ ಬಗ್ಗೆ ಬರೆಯುವಾಗ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಸೌರ ಪಾರ್ಕನ್ನು ನೋಡಿ ಬನ್ನಿ. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಮಳೆ ನಂಬಿ ಶೇಂಗಾ ಬಿತ್ತಿ ಸೋತಿದ್ದ ಜಮೀನಿನವರಿಗೆ ಅದು ದೊಡ್ಡ ಆಸರೆ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರ ಹೆಸರು ಗುತ್ತಿಗೆ ಪತ್ರದಲ್ಲಿ ಇರಲಿಲ್ಲ. ಈ ಎರಡೂ ವಾಕ್ಯಗಳನ್ನು ಒಂದೇ ಪ್ಯಾರಾದಲ್ಲಿ ಬರೆದವರ ಮಾತನ್ನು ಊರಿನವರು ಕೇಳುತ್ತಾರೆ.

ಲೇಖನದ ಕೊನೆಯಲ್ಲಿ ‘ಸರ್ಕಾರ ಎಚ್ಚೆತ್ತುಕೊಳ್ಳಬೇಕು’ ಅಂತ ಬರೆದರೆ ಸಾಲದೇ?

ಸಾಲದು. ಸರ್ಕಾರ ಎಂಬುದು ಒಬ್ಬ ಮನುಷ್ಯನಲ್ಲ. ಬೇಡಿಕೆಯಲ್ಲಿ ಯಾರು, ಏನನ್ನು, ಯಾವಾಗ ಎಂಬ ಮೂರೂ ಇರಬೇಕು. ವಿದ್ಯುತ್ ದರದ ಬಗ್ಗೆ ಬರೆದಿದ್ದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮುನ್ನ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ. ಯಾವ ಅಂಶಕ್ಕೆ ಆಕ್ಷೇಪಿಸಬೇಕೆಂದು ಓದುಗರಿಗೆ ಹೇಳಬಹುದು. ದೊಡ್ಡ ಯೋಜನೆಯಾದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಜಿಲ್ಲೆಯಲ್ಲಿ ಅಹವಾಲು ಸಭೆ ನಡೆಯಬೇಕು, ಅಲ್ಲಿ ಹೇಳಿದ್ದು ನಡಾವಳಿಯಲ್ಲಿ ದಾಖಲಾಗಬೇಕು. ಸಭೆಯ ಮೊದಲೇ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಜನರ ಕೈಗೆ ಸಿಗಬೇಕೆಂದು ಕೇಳುವುದು ಒಂದು ನಿರ್ದಿಷ್ಟ ಬೇಡಿಕೆ. ಅದನ್ನು ಜಿಲ್ಲಾಧಿಕಾರಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ನೇರವಾಗಿ ಕೇಳಬಹುದು, ಮತ್ತು ಲೇಖನವನ್ನು ಸಭೆಯ ಮರುದಿನವಲ್ಲ, ಸಭೆಗೆ ಸಾಕಷ್ಟು ಮೊದಲೇ ಪತ್ರಿಕೆಗೆ ಕಳಿಸಬೇಕು.